28 ಗೆಲುವು, 31 ಸೋಲು: ಸ್ಯಾಚೆಲ್ ಪೇಜ್ ನಿಜವಾಗಲೂ ಅಷ್ಟು ದೊಡ್ಡ ಪಿಚರ್ ಆಗಿದ್ದರಾ?

ಹಾಸನದ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಕ್ರಿಕೆಟ್ ನೋಡಿ ಬೆಳೆದವನು, ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಅಕ್ಕನ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ, ಈಗ ರಜೆಗೆ ಊರಿಗೆ ಬಂದಿದ್ದಾನೆ. ಒಬ್ಬ ಆಟಗಾರನ ಬಗ್ಗೆ ಬರೆದುಕೊಂಡು ಬರಬೇಕು ಅಂತ ಶಾಲೆಯಲ್ಲಿ ಹೇಳಿದ್ದಾರಂತೆ. ಇವನು ಸ್ಯಾಚೆಲ್ ಪೇಜ್ ಅನ್ನುವ ಹಳೇ ಕಾಲದ ಕಪ್ಪು ಪಿಚರ್ ಒಬ್ಬರನ್ನು ಹಿಡಿದುಕೊಂಡಿದ್ದಾನೆ. ಪಿಚರ್ ಅಂದರೆ ನಮ್ಮ ಬೌಲರ್ ಥರ, ಚೆಂಡು ಎಸೆಯುವವರು. ಬೆಳಗ್ಗೆ ಎದ್ದರೆ ಪೇಜ್, ರಾತ್ರಿ ಮಲಗುವಾಗಲೂ ಪೇಜ್. "ಮಾವ, ಅವರಂಥ ಪಿಚರ್ ಇನ್ನೊಬ್ಬರು ಹುಟ್ಟಿಲ್ಲ" ಅನ್ನುತ್ತಾನೆ.

ಸರಿ, ನೋಡೇ ಬಿಡೋಣ ಅಂತ ನಾನೂ ಲೆಕ್ಕ ಹುಡುಕಿದೆ. ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ 28 ಗೆಲುವು, 31 ಸೋಲು. ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಹುಡುಗನಿಗೆ ತೋರಿಸಿದೆ. ಆವಾಗಿನಿಂದ ಮುಖ ಊದಿಸಿಕೊಂಡು ಕೂತಿದ್ದಾನೆ, ಊಟಕ್ಕೂ ಸರಿಯಾಗಿ ಬರುತ್ತಿಲ್ಲ. ತಿಳಿದವರು ಹೇಳಿ, ನಾನು ತಪ್ಪು ಹೇಳಿದೆನಾ?

ಲೆಕ್ಕಾಚಾರ
ತಪ್ಪೇನೂ ಇಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ. ಹಳೇ ಆಟಗಾರರ ಬಗ್ಗೆ ಕಥೆ ಕಟ್ಟುವವರು ಎಲ್ಲಾ ಊರಲ್ಲೂ ಇರುತ್ತಾರೆ.

ಮಲೆನಾಡ ಮಳೆ
ಮೊದಲು ಹೋಗಿ ಹುಡುಗನಿಗೆ ಊಟ ಮಾಡಿಸಿ ಸ್ವಾಮಿ. ಆಮೇಲೆ ಚರ್ಚೆ.

ಕಾನ್ಸಾಸ್ ಕನ್ನಡತಿ
ಹುಡುಗ ಅವರೇ, ನಿಮ್ಮ ಅಳಿಯನ ಪರವಾಗಿ ನಾನು ವಾದ ಮಾಡುತ್ತೇನೆ. ನೀವು ನೋಡಿದ 28-31 ಸುಳ್ಳಲ್ಲ. ಆದರೆ ಪೇಜ್ ಆ ಲೀಗ್‌ಗೆ ಬಂದಾಗ ಅವರ ವಯಸ್ಸು ಎಷ್ಟು ಅಂತ ನೋಡಿದಿರಾ? 42. ಕ್ಲೀವ್‌ಲ್ಯಾಂಡ್ ತಂಡ 1948ರ ಜುಲೈ 7ರಂದು ಅವರಿಂದ ಸಹಿ ಹಾಕಿಸಿಕೊಂಡಿತು. ಅವತ್ತು ಅವರ ಹುಟ್ಟುಹಬ್ಬ. ಬೇರೆ ಪಿಚರ್‌ಗಳು ಕೈ ಸೋತು ಮನೆಗೆ ಹೋಗುವ ವಯಸ್ಸಿನಲ್ಲಿ ಇವರಿಗೆ ಹೊಸಬ ಅನ್ನುವ ಪಟ್ಟ.

ಅದಕ್ಕೂ ಹಿಂದೆ 20 ವರ್ಷಕ್ಕಿಂತ ಜಾಸ್ತಿ ಅವರು ಎಸೆದಿದ್ದೆಲ್ಲ ಕಪ್ಪು ಜನರ ಲೀಗ್‌ಗಳಲ್ಲಿ. ಹೆಸರೇ ನೀಗ್ರೋ ಲೀಗ್. ಬಿಳಿಯರ ತಂಡಗಳ ಮಾಲೀಕರು ಕಪ್ಪು ಆಟಗಾರರನ್ನು ಸೇರಿಸಬಾರದು ಅಂತ ತಮ್ಮ ತಮ್ಮಲ್ಲೇ ಮಾತಾಡಿಕೊಂಡಿದ್ದರು. ನಿಯಮದ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. 1884ರಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಅನ್ನುವವರು ಟೊಲಿಡೊ ತಂಡಕ್ಕೆ ಆಡಿದ್ದರು. ಆಮೇಲೆ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದಿದ್ದು 1947ರಲ್ಲಿ, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಬಂದಾಗ. ಪೇಜ್ ಹುಟ್ಟಿದ್ದು 1906ರಲ್ಲಿ, ಅಲಬಾಮಾದ ಮೊಬೀಲ್ ಊರಿನಲ್ಲಿ. ಅಂದರೆ ಅವರು ಹುಟ್ಟುವ ಹೊತ್ತಿಗೇ ಬಾಗಿಲು ಮುಚ್ಚಿ ಎರಡು ದಶಕ ಆಗಿತ್ತು.

ನಿಮ್ಮ ಕೈಗೆ ಸಿಕ್ಕಿದ್ದು ಅವರ ಬದುಕಿನ ಕೊನೇ ಅಧ್ಯಾಯದ ಲೆಕ್ಕ ಮಾತ್ರ.

ಗೂಗ್ಲಿ ಗುರು
ಇನ್ನೊಂದು ಮಾತು. ಕ್ರಿಕೆಟ್‌ನಲ್ಲಿ ಬೌಲರ್‌ಗೆ ವಿಕೆಟ್ ಲೆಕ್ಕ, ಗೆಲುವು ಸೋಲು ತಂಡದ್ದು. ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು ಸೋಲನ್ನೇ ಒಬ್ಬ ಪಿಚರ್ ತಲೆಗೆ ಕಟ್ಟುತ್ತಾರೆ. ತನ್ನ ಬ್ಯಾಟರ್‌ಗಳು ರನ್ ಹೊಡೆಯದಿದ್ದರೆ ಪಿಚರ್ ಎಷ್ಟು ಚೆನ್ನಾಗಿ ಎಸೆದರೂ ಸೋಲು ಅವನ ಹೆಸರಿಗೇ. ಪೇಜ್ 1951ರಿಂದ 53ರವರೆಗೆ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದಲ್ಲಿದ್ದರು. ಆ ತಂಡ ಆಗ ಯಾವಾಗಲೂ ಪಟ್ಟಿಯ ತಳದಲ್ಲೇ. 1952ರಲ್ಲಿ ತಂಡ 64 ಗೆದ್ದು 90 ಸೋತಿತು. ಅದೇ ವರ್ಷ ಪೇಜ್ 12 ಗೆದ್ದು 10 ಸೋತರು. ವಯಸ್ಸು 46!

ಗೆಲುವು ಸೋಲು ಬಿಟ್ಟು ಒಂಬತ್ತು ಇನ್ನಿಂಗ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಎಷ್ಟು ರನ್ ಕೊಟ್ಟರು ಅನ್ನುವುದನ್ನು ನೋಡಿ. ಕಮ್ಮಿ ಇದ್ದಷ್ಟೂ ಒಳ್ಳೆಯದು. ಅವರ ಮೇಜರ್ ಲೀಗ್ ಸರಾಸರಿ 3.29. ಐವತ್ತರ ಹತ್ತಿರ ಬಂದವರಿಗೆ ಇದು ಅದ್ಭುತ.

ಹಾಸನದ ಹುಡುಗ
ಓಹ್. ವಯಸ್ಸಿನ ಕಡೆ ನಾನು ನೋಡಿಯೇ ಇರಲಿಲ್ಲ. 46ರಲ್ಲಿ 12 ಪಂದ್ಯ!

ಲೆಕ್ಕಾಚಾರ
ವಯಸ್ಸಿನ ವಿಷಯ ಒಪ್ಪಿದೆ. ಆದರೆ 1948ಕ್ಕೆ ಮುಂಚೆ ಅವರು ಎಂಥಾ ಪಿಚರ್ ಅನ್ನುವುದಕ್ಕೆ ಸಾಕ್ಷಿ ಏನು? ಅವರೇ ಹೇಳಿಕೊಂಡಿದ್ದಾರೆ, 2,500 ಪಂದ್ಯ ಆಡಿದೆ, 2,000 ಗೆದ್ದೆ ಅಂತ. ಯಾರು ಎಣಿಸಿದ್ದು? ಆಡುವ ಮಾತಿಗೆ ಲೆಕ್ಕ ಅನ್ನೋಕಾಗಲ್ಲ.

ಎಡಗೈ ಬೌಲರ್
ಲೆಕ್ಕಾಚಾರ ಸರ್, ಪ್ರಶ್ನೆ ಸರಿಯಾಗಿದೆ. ಆದರೆ ಯಾರೂ ಎಣಿಸಲಿಲ್ಲ ಅನ್ನುವುದು ಅವರ ತಪ್ಪಾ?

ಲೀಗ್ ಪಂದ್ಯಗಳಿಗೆ ಸ್ಕೋರ್ ಇತ್ತು. ಚಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್ ಅನ್ನುವ ಕಪ್ಪು ಜನರ ಪತ್ರಿಕೆಗಳು ಅಚ್ಚು ಹಾಕುತ್ತಿದ್ದವು. ಆದರೆ ಅವು ವಾರಪತ್ರಿಕೆ. ಎಲ್ಲಾ ಪಂದ್ಯವೂ ಬರುತ್ತಿರಲಿಲ್ಲ. ಬಿಳಿಯರ ದೊಡ್ಡ ಪತ್ರಿಕೆಗಳು ಆ ಕಡೆ ತಿರುಗಿ ನೋಡಿದ್ದೇ ಕಮ್ಮಿ. ಇನ್ನು ಲೀಗ್ ಪಂದ್ಯಕ್ಕಿಂತ ಜಾಸ್ತಿ ಆಡುತ್ತಿದ್ದುದು ಊರೂರು ಸುತ್ತುವ ಪಂದ್ಯಗಳನ್ನು. ಇವತ್ತು ಈ ಊರು, ನಾಳೆ ಪಕ್ಕದ ಊರು. ಅಲ್ಲಿನ ತಂಡದ ಜೊತೆ ಪಂದ್ಯ, ಟಿಕೆಟ್ ದುಡ್ಡು ಹಂಚಿಕೊಂಡು ಮುಂದಿನ ಊರಿಗೆ. ನಮ್ಮ ಕಂಪನಿ ನಾಟಕದವರು ಕ್ಯಾಂಪ್ ಹಾಕುತ್ತಿದ್ದರಲ್ಲ, ಹಾಗೆ. ಲೀಗ್ ಪಂದ್ಯಗಳಿಂದ ಮಾತ್ರ ಹೊಟ್ಟೆ ತುಂಬುತ್ತಿರಲಿಲ್ಲ. ಆ ಊರೂರಿನ ಪಂದ್ಯಗಳನ್ನು ಯಾರು ಬರೆದಿಡುತ್ತಾರೆ?

ಸಿಕ್ಕ ದಾಖಲೆಯನ್ನಾದರೂ ನೋಡಿ. 1934ರ ಜುಲೈ 4ರಂದು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಪರವಾಗಿ ಹೋಮ್‌ಸ್ಟೆಡ್ ಗ್ರೇಸ್ ವಿರುದ್ಧ ಎಸೆದು ಒಂದೂ ಹಿಟ್ ಕೊಡಲಿಲ್ಲ, ಅಂದರೆ ಒಬ್ಬ ಬ್ಯಾಟರ್‌ಗೂ ಹೊಡೆತದ ಬಲದಿಂದ ಮೊದಲ ಬೇಸ್ ತಲುಪಲು ಬಿಡಲಿಲ್ಲ. 17 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು. ಗ್ರೇಸ್ ಅಂದರೆ ಸಾಧಾರಣ ತಂಡವಲ್ಲ, ಆ ಕಾಲದ ಬಲಿಷ್ಠ ತಂಡಗಳಲ್ಲಿ ಒಂದು.

ಶರಾವತಿ
17 ಸ್ಟ್ರೈಕ್‌ಔಟ್ ಅಂದರೆ ಕ್ರಿಕೆಟ್‌ನಲ್ಲಿ ಎಷ್ಟಕ್ಕೆ ಸಮ? ಸುಮ್ನೆ ಕುತೂಹಲ.

ಗೂಗ್ಲಿ ಗುರು
ಶರಾವತಿ ಮೇಡಂ, ನೇರ ಹೋಲಿಕೆ ಆಗುವುದಿಲ್ಲ. ಒಂದು ಪಂದ್ಯದಲ್ಲಿ ಒಂದು ತಂಡದ 27 ಔಟ್ ತೆಗೆಯಬೇಕು. ಅದರಲ್ಲಿ 17 ಜನ ಚೆಂಡನ್ನು ಮುಟ್ಟಲಾಗದೆಯೋ ಸುಮ್ಮನೆ ನೋಡುತ್ತಲೋ ವಾಪಸು ಹೋದರು. ಹತ್ತರಲ್ಲಿ ಆರು ವಿಕೆಟ್ ಕ್ಲೀನ್ ಬೌಲ್ಡ್ ಆದ ಹಾಗೆ ಅಂದುಕೊಳ್ಳಿ.

ಕಾನ್ಸಾಸ್ ಕನ್ನಡತಿ
ಸಾಕ್ಷಿ ಕೇಳಿದವರಿಗೆ ಇನ್ನೊಂದು. ಆಗ ಬಿಳಿಯರ ಲೀಗ್ ಆಟಗಾರರು ಸೀಸನ್ ಮುಗಿದ ಮೇಲೆ ದುಡ್ಡಿಗಾಗಿ ಕಪ್ಪು ತಂಡಗಳ ಜೊತೆ ಆಡುತ್ತಿದ್ದರು. ಲೀಗ್‌ನಲ್ಲಿ ಜೊತೆಗೆ ಆಡುವ ಹಾಗಿಲ್ಲ, ಹೊರಗೆ ಆಡಬಹುದು! ಪೇಜ್ ಹೀಗೆ ಡಿಜ್ಜಿ ಡೀನ್ ಎದುರು ಎಸೆದಿದ್ದಾರೆ, ಬಾಬ್ ಫೆಲ್ಲರ್ ಎದುರು ಎಸೆದಿದ್ದಾರೆ. ಇಬ್ಬರೂ ಬಿಳಿಯರ ಲೀಗ್‌ನ ಹೆಸರಾಂತ ಪಿಚರ್‌ಗಳು. 1946ರಲ್ಲಿ ಫೆಲ್ಲರ್ ತಂಡ, ಪೇಜ್ ತಂಡ ಎರಡೂ ವಿಮಾನದಲ್ಲಿ ದೇಶ ಸುತ್ತಿ ಆಡಿದವು. ಆಮೇಲೆ ದೊಡ್ಡ ಬ್ಯಾಟರ್ ಅನ್ನಿಸಿಕೊಂಡ ಜೋ ಡಿಮ್ಯಾಜಿಯೊ ಮೇಜರ್ ಲೀಗ್‌ಗೆ ಹೋಗುವ ಮುಂಚೆ, 1936ರಲ್ಲಿ ಪೇಜ್ ಎದುರು ಬ್ಯಾಟ್ ಹಿಡಿದಿದ್ದರು. ತಾನು ಎದುರಿಸಿದ ಪಿಚರ್‌ಗಳಲ್ಲೆಲ್ಲ ಪೇಜ್ ಅವರೇ ಶ್ರೇಷ್ಠ ಅಂತ ಆಮೇಲೆ ಹೇಳಿದ್ದಾರೆ. ಎದುರಿಗೆ ನಿಂತು ಚೆಂಡು ನೋಡಿದವರ ಮಾತಿಗೆ ಬೆಲೆ ಇದೆ ಅಲ್ವಾ?

ಲೆಕ್ಕಾಚಾರ
ಬೆಲೆ ಇದೆ. ಆದರೂ ಅದು ಮಾತು.

ಮಲೆನಾಡ ಮಳೆ
ಲೆಕ್ಕಾಚಾರ ಅಣ್ಣ ಹೆಸರಿಗೆ ತಕ್ಕ ಹಾಗೆ ಇದ್ದಾರೆ.

ಎಡಗೈ ಬೌಲರ್
ನಾನು ಪೇಜ್ ಪರ ಮಾತಾಡಿದೆ, ನಿಜ. ಆದರೆ "ಅವರಂಥವರು ಇನ್ನೊಬ್ಬರಿಲ್ಲ" ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಸ್ಮೋಕಿ ಜೋ ವಿಲಿಯಮ್ಸ್ ಹೆಸರು ಕೇಳಿದ್ದೀರಾ? 1930ರ ಆಗಸ್ಟ್ 2, ರಾತ್ರಿ ಪಂದ್ಯ. ಲಾರಿಯಲ್ಲಿ ಹೊತ್ತು ತಂದು ನಿಲ್ಲಿಸಿದ ದೀಪಗಳ ಮಂದ ಬೆಳಕು. ವಿಲಿಯಮ್ಸ್ 12 ಇನ್ನಿಂಗ್ಸ್ ಎಸೆದು 27 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು. ಎದುರಾಳಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್. ಆ ಕಡೆಯಿಂದ ಚೆಟ್ ಬ್ರೂವರ್ ಕೂಡ ಹಾಗೇ ಎಸೆಯುತ್ತಿದ್ದರು. ಕೊನೆಗೆ ವಿಲಿಯಮ್ಸ್ ಅವರ ತಂಡ ಗ್ರೇಸ್ 1-0ರಿಂದ ಗೆದ್ದಿತು. ವಿಲಿಯಮ್ಸ್ ಆಗ ನಲವತ್ತು ದಾಟಿದವರು.

1952ರಲ್ಲಿ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆ ನೀಗ್ರೋ ಲೀಗ್‌ಗಳನ್ನು ಹತ್ತಿರದಿಂದ ಕಂಡವರಿಂದ ಮತ ಹಾಕಿಸಿತು. ಅತ್ಯುತ್ತಮ ಪಿಚರ್ ಯಾರು? ವಿಲಿಯಮ್ಸ್ 20, ಪೇಜ್ 19. ಒಂದೇ ಮತದ ಅಂತರ. ನಿಮ್ಮ ಅಳಿಯನಿಗೆ ಇದನ್ನೂ ಹೇಳಿ.

ಹಾಸನದ ಹುಡುಗ
ಹೇಳಿದೆ. "ಒಂದು ಮತ ತಾನೆ" ಅಂದ. ಆದರೆ ಆ 27 ಸ್ಟ್ರೈಕ್‌ಔಟ್ ಕೇಳಿ ಕಣ್ಣು ಅರಳಿಸಿದ. ಈಗ ಊಟಕ್ಕೆ ಬರುತ್ತಿದ್ದಾನೆ, ಮಲೆನಾಡ ಮಳೆ ಅವರಿಗೆ ತಿಳಿಸಿಬಿಡುತ್ತೇನೆ.

ನಿವೃತ್ತ ಮೇಷ್ಟ್ರು
ಮಕ್ಕಳೇ, ಚರ್ಚೆ ಓದುತ್ತಾ ಬಂದೆ. ನನಗೆ ಬೇಸ್‌ಬಾಲ್ ಹೊಸದು. ಆದರೆ ಓದುವಾಗ ನಮ್ಮ ಧಾರವಾಡದಲ್ಲಿ ಹುಟ್ಟಿದ ಒಬ್ಬರು ನೆನಪಾದರು. ಪಲ್ವಂಕರ್ ಬಾಲೂ. ಎಡಗೈ ಸ್ಪಿನ್ನರ್, ದಲಿತರು. ಪುಣೆಯಲ್ಲಿ ಕ್ರಿಕೆಟ್ ಕ್ಲಬ್ಬಿನ ಮೈದಾನ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದವರು. ತಿಂಗಳಿಗೆ ಮೂರೋ ನಾಲ್ಕೋ ರೂಪಾಯಿ ಸಂಬಳ. ಬ್ರಿಟಿಷ್ ಆಟಗಾರರಿಗೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡುತ್ತಾ ಮಾಡುತ್ತಾ ಕೈ ಪಳಗಿತು. ಬ್ಯಾಟ್ ಮಾತ್ರ ಕೈಗೆ ಕೊಡಲಿಲ್ಲ.

ಆಮೇಲೆ ಹಿಂದೂಗಳ ತಂಡಕ್ಕೆ ಇವರು ಬೇಕಾದರು, ಗೆಲ್ಲಬೇಕಲ್ಲ. ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಇವರಿಗೆ ಹೊರಗಡೆ, ಬೇರೆ ಮಣ್ಣಿನ ಲೋಟದಲ್ಲಿ. ಕುಡಿದು ಬಿಸಾಡುವ ಲೋಟ. 1911ರಲ್ಲಿ ಇಂಗ್ಲೆಂಡ್‌ಗೆ ಹೋದ ತಂಡದಲ್ಲಿ ನೂರಕ್ಕಿಂತ ಜಾಸ್ತಿ ವಿಕೆಟ್ ತೆಗೆದರು. ಆದರೂ ಹಿಂದೂಗಳ ತಂಡದ ನಾಯಕತ್ವ ಇವರಿಗೆ ಸಿಗಲಿಲ್ಲ. ಕೊನೆಗೆ ತಮ್ಮ ವಿಠಲ ನಾಯಕರಾದರು, 1923ರಲ್ಲಿ.

ನಾನು ಪಾಠ ಮಾಡುವಾಗ ಆ ಮಣ್ಣಿನ ಲೋಟದ ಮಾತು ಹೇಳಿದರೆ ಇಡೀ ಕ್ಲಾಸು ಸುಮ್ಮನಾಗಿಬಿಡುತ್ತಿತ್ತು.

ಗೂಗ್ಲಿ ಗುರು
ಮೇಷ್ಟ್ರೇ, ನಮಸ್ಕಾರ. ಬಾಲೂ ಅವರ ವಿಷಯ ಎತ್ತಿದ್ದು ತುಂಬಾ ಒಳ್ಳೆಯದಾಯಿತು. ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಲೆಕ್ಕಾಚಾರ
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಬಾಲೂ ಅವರನ್ನು ತಂಡದ ಒಳಗೆ ಬಿಟ್ಟುಕೊಂಡು ಅವಮಾನ ಮಾಡಿದರು. ಪೇಜ್ ಅವರನ್ನು ಒಳಗೇ ಬಿಡಲಿಲ್ಲ. ಹಾಗಾಗಿ ಬಾಲೂ ವಿಕೆಟ್‌ಗಳಿಗೆ ಲೆಕ್ಕ ಉಳಿದಿದೆ. ಮೊದಲ ದರ್ಜೆಯಲ್ಲಿ 33 ಪಂದ್ಯ, 179 ವಿಕೆಟ್. ಪೇಜ್‌ಗೆ ಅಂಥ ಪೂರ್ತಿ ಲೆಕ್ಕ ಇಲ್ಲ.

ನಿವೃತ್ತ ಮೇಷ್ಟ್ರು
ಹೌದಪ್ಪ, ಸರಿಯಾದ ಮಾತು. ಒಪ್ಪಿದೆ.

ಕಾನ್ಸಾಸ್ ಕನ್ನಡತಿ
ಲೆಕ್ಕಾಚಾರ ಅವರೇ, ನೀವೇ ಈಗ ನನ್ನ ವಾದ ಮಾಡಿಬಿಟ್ಟಿರಿ!

ನಾನು ಇರುವ ಊರಲ್ಲೇ, ಕಾನ್ಸಾಸ್ ಸಿಟಿಯಲ್ಲಿ, ನೀಗ್ರೋ ಲೀಗ್ ಬೇಸ್‌ಬಾಲ್ ಮ್ಯೂಸಿಯಂ ಇದೆ. 18ನೇ ರಸ್ತೆ ಮತ್ತು ವೈನ್ ರಸ್ತೆ ಸೇರುವ ಜಾಗ. ಅಲ್ಲಿಂದ ಸ್ವಲ್ಪ ದೂರದಲ್ಲೇ ವೈಎಂಸಿಎ ಕಟ್ಟಡ, 1920ರಲ್ಲಿ ರೂಬ್ ಫಾಸ್ಟರ್ ಎಲ್ಲರನ್ನೂ ಕರೆದು ನೀಗ್ರೋ ನ್ಯಾಷನಲ್ ಲೀಗ್ ಶುರು ಮಾಡಿದ ಜಾಗ. ಫಾಸ್ಟರ್ ಅವರೂ ಮೊದಲು ದೊಡ್ಡ ಪಿಚರ್.

ಮ್ಯೂಸಿಯಂ ಒಳಗೆ ಹೋದ ಕೂಡಲೇ ಒಂದು ಪುಟ್ಟ ಬೇಸ್‌ಬಾಲ್ ಮೈದಾನ ಕಾಣಿಸುತ್ತದೆ. ಅದರಲ್ಲಿ ಕಂಚಿನ ಪ್ರತಿಮೆಗಳು, ಆಳೆತ್ತರ. ಮಧ್ಯದಲ್ಲಿ ಪಿಚರ್ ಜಾಗದಲ್ಲಿ ಸ್ಯಾಚೆಲ್ ಪೇಜ್. ಚೆಂಡು ಹಿಡಿಯಲು ಕೂತವರು ಜಾಶ್ ಗಿಬ್ಸನ್. ಆದರೆ ನಮಗೂ ಮೈದಾನಕ್ಕೂ ನಡುವೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ. ಒಳಗೆ ಹೋಗುವ ಹಾಗಿಲ್ಲ. ಆಗ ಕಪ್ಪು ಪ್ರೇಕ್ಷಕರನ್ನು ಬೇರೆ ಕೂರಿಸಲು ಇಂಥ ಬಲೆ ಕಟ್ಟುತ್ತಿದ್ದರಂತೆ. ನಾವು ಇಡೀ ಚರಿತ್ರೆ ಓದಿಕೊಂಡು, ಫೋಟೋ ನೋಡಿಕೊಂಡು, ಸುತ್ತು ಹಾಕಿ ಕೊನೆಗೆ ಬಂದರೆ ಮಾತ್ರ ಆ ಮೈದಾನಕ್ಕೆ ಕಾಲಿಡಬಹುದು. ನನ್ನ ಮಗಳು ಮೊದಲ ಸಲ ಹೋದಾಗ ಬಲೆಯೊಳಗೆ ಬೆರಳು ತೂರಿಸಿ ನಿಂತುಬಿಟ್ಟಳು. "ಅಮ್ಮ, ಬಾಗಿಲು ಎಲ್ಲಿ?" ಅಂತ ಎರಡು ಮೂರು ಸಲ ಕೇಳಿದಳು. ಒಂದು ಗಂಟೆ ಆದ ಮೇಲೆ ಒಳಗೆ ಹೋಗಿ ಪೇಜ್ ಪ್ರತಿಮೆಯ ಬೂಟು ಮುಟ್ಟಿ ನೋಡಿದಳು.

ಶರಾವತಿ
ಓದಿ ಮೈ ಜುಮ್ ಅಂತು.

ಎಡಗೈ ಬೌಲರ್
ಆ ಊರಿನ ಮೊನಾರ್ಕ್ಸ್ ತಂಡದ ಬಸ್ಸಿನ ಕಥೆ ಬಕ್ ಓ'ನೀಲ್ ಹೇಳುತ್ತಿದ್ದರು, ಆ ತಂಡದ ಹಳೇ ಆಟಗಾರರು. ಒಕ್ಲಹೋಮಾದ ಮಸ್ಕೋಗಿ ಹತ್ತಿರ ಒಂದು ಪೆಟ್ರೋಲ್ ಬಂಕ್. ವರ್ಷಗಟ್ಟಲೆ ಅಲ್ಲೇ ಎಣ್ಣೆ ಹಾಕಿಸುತ್ತಿದ್ದರು. ಬಸ್ಸಿಗೆ ಐವತ್ತು ಐವತ್ತು ಗ್ಯಾಲನ್‌ನ ಎರಡು ಟ್ಯಾಂಕು. 1945ರಲ್ಲಿ ಹೊಸದಾಗಿ ಸೇರಿದ್ದ ಜಾಕಿ ರಾಬಿನ್ಸನ್ ಇಳಿದು ಶೌಚಾಲಯದ ಕಡೆ ಹೊರಟರು. ಬಂಕಿನವನು ನಿಮಗೆ ಅಲ್ಲಿ ಬಿಡುವುದಿಲ್ಲ ಅಂದ. ರಾಬಿನ್ಸನ್ ತಿರುಗಿ, ಹಾಗಾದರೆ ಪೈಪು ತೆಗಿ, ನಿನ್ನ ಎಣ್ಣೆ ಬೇಡ ಅಂದರು. ನೂರು ಗ್ಯಾಲನ್ ವ್ಯಾಪಾರ! ಅವನು ಗಪ್‌ಚಿಪ್ ಆಗಿ ಹೋಗಿ ಬನ್ನಿ ಅಂದ. ಅವತ್ತಿನಿಂದ ಶೌಚಾಲಯ ಬಿಡದ ಕಡೆ ಎಣ್ಣೆ ಹಾಕಿಸುವುದೇ ಇಲ್ಲ ಅಂತ ತಂಡ ತೀರ್ಮಾನ ಮಾಡಿತು.

ಹೋಟೆಲ್‌ನಲ್ಲಿ ರೂಮು ಕೊಡುತ್ತಿರಲಿಲ್ಲ, ಬಸ್ಸಿನಲ್ಲೇ ನಿದ್ದೆ. ಹೀಗೆ ರಾತ್ರಿಯೆಲ್ಲ ಕೂತು ಬಂದು ಮಧ್ಯಾಹ್ನ ಒಂಬತ್ತು ಇನ್ನಿಂಗ್ಸ್ ಎಸೆಯಬೇಕು.

ಲೆಕ್ಕಾಚಾರ
ಬಸ್ಸು ಅಂದಿರಲ್ಲ, ಪೇಜ್ ಬಹಳ ಸಲ ತಂಡದ ಬಸ್ಸಿನಲ್ಲಿ ಬರುತ್ತಲೇ ಇರಲಿಲ್ಲ. ತಮ್ಮದೇ ಕಾರು. ತಡವಾಗಿ ಬರುವುದಕ್ಕೆ ಹೆಸರುವಾಸಿ. ಅಷ್ಟೇ ಅಲ್ಲ, ಒಪ್ಪಂದ ಮುರಿದು ಓಡಿಹೋಗಿದ್ದಾರೆ. 1937ರಲ್ಲಿ ಕ್ರಾಫರ್ಡ್ಸ್ ಬಿಟ್ಟು ಡೊಮಿನಿಕನ್ ರಿಪಬ್ಲಿಕ್‌ಗೆ ಹೋದರು. ಸರ್ವಾಧಿಕಾರಿ ಟ್ರುಹಿಯೋ ಹೆಸರಿನ ಊರು, ಅದರ ತಂಡಕ್ಕೆ ಆಡಲು. ಜೊತೆಗೆ ಗಿಬ್ಸನ್, ಕೂಲ್ ಪಾಪಾ ಬೆಲ್ ಎಲ್ಲರೂ ಹೋದರು. ಕ್ರಾಫರ್ಡ್ಸ್ ತಂಡ ಮತ್ತೆ ತಲೆ ಎತ್ತಲಿಲ್ಲ. ಇದಕ್ಕೆ ಏನು ಹೇಳುತ್ತೀರಿ? ದೊಡ್ಡ ಆಟಗಾರ ಅಂದರೆ ತಂಡದ ಮೇಲೆ ನಿಯತ್ತು ಬೇಡವೇ?

ಕಾನ್ಸಾಸ್ ಕನ್ನಡತಿ
ಓಡಿಹೋಗಿದ್ದು ನಿಜ. ಮುಚ್ಚಿಡುವುದಿಲ್ಲ. ತಂಡದ ಮಾಲೀಕ ಗಸ್ ಗ್ರೀನ್‌ಲೀಗೆ ದೊಡ್ಡ ಹೊಡೆತ ಬಿತ್ತು.

ಆದರೆ ಒಂದು ಯೋಚನೆ ಮಾಡಿ. ತನ್ನ ದೇಶದ ಅತಿ ದೊಡ್ಡ ಲೀಗ್ ಒಬ್ಬ ಮನುಷ್ಯನನ್ನು ಬಣ್ಣ ನೋಡಿ ಹೊರಗೆ ನಿಲ್ಲಿಸಿದೆ. ಅವನ ಹತ್ತಿರ ಇರುವುದು ಒಂದು ಬಲಗೈ. ಅದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಪಿಂಚಣಿ ಇಲ್ಲ, ವಿಮೆ ಇಲ್ಲ. ಯಾರು ಜಾಸ್ತಿ ಕೊಡುತ್ತಾರೋ ಅಲ್ಲಿ ಎಸೆಯುತ್ತಾನೆ. ನಾವು ನೀವು ಕಂಪನಿ ಬದಲಾಯಿಸುವುದಿಲ್ಲವೇ?

ಡೊಮಿನಿಕನ್‌ನಲ್ಲಿ ಸುಖವಾಗಿದ್ದರು ಅಂದುಕೊಳ್ಳಬೇಡಿ. ಅಲ್ಲಿ ಪಂದ್ಯದ ಹೊತ್ತಿಗೆ ಬಂದೂಕು ಹಿಡಿದ ಸೈನಿಕರು ನಿಂತಿರುತ್ತಿದ್ದರು. ಗೆದ್ದರು, ಬಚಾವಾಗಿ ಬಂದರು. ಮುಂದಿನ ವರ್ಷ ಮೆಕ್ಸಿಕೋದಲ್ಲಿ ಅದೇ ಕೈ ಕೈಕೊಟ್ಟಿತು. ಎತ್ತಲಾಗದಷ್ಟು ನೋವು. ಇನ್ನು ಎಸೆಯೋಕಾಗಲ್ಲ ಅಂದರು ಡಾಕ್ಟರು. ಆಗ ಕೈ ಹಿಡಿದವರು ಮೊನಾರ್ಕ್ಸ್ ಮಾಲೀಕ ಜೆ.ಎಲ್. ವಿಲ್ಕಿನ್ಸನ್. ಬಿಳಿಯರು. ಕೈ ಸತ್ತಿದೆ ಅಂತ ಗೊತ್ತಿದ್ದೂ 1939ರಲ್ಲಿ ತಮ್ಮ ಎರಡನೇ ತಂಡಕ್ಕೆ ತೆಗೆದುಕೊಂಡರು. ಸಣ್ಣ ಸಣ್ಣ ಊರುಗಳಲ್ಲಿ ಪೇಜ್ ನಿಧಾನಕ್ಕೆ ಎಸೆಯುತ್ತಿದ್ದರು. ಜನ ಹೆಸರು ಕೇಳಿ ಬರುತ್ತಿದ್ದರು. ತಿಂಗಳುಗಳು ಕಳೆದ ಮೇಲೆ ಕೈಗೆ ಮತ್ತೆ ಬಲ ಬಂತು. ಅದಾದ ಮೇಲೆ 1947ರವರೆಗೆ ಮೊನಾರ್ಕ್ಸ್ ಅನ್ನು ಅವರು ಹೆಚ್ಚು ಕಡಿಮೆ ಬಿಡಲಿಲ್ಲ. ನಿಯತ್ತು ಅಂದಿರಲ್ಲ, ಇದೂ ಲೆಕ್ಕಕ್ಕೆ ಬರಲಿ.

ಲೆಕ್ಕಾಚಾರ
ವಿಲ್ಕಿನ್ಸನ್ ವಿಷಯ ಗೊತ್ತಿರಲಿಲ್ಲ. ಲೆಕ್ಕಕ್ಕೆ ಸೇರಿಸಿಕೊಂಡೆ.

ಎಡಗೈ ಬೌಲರ್
ಮೊನಾರ್ಕ್ಸ್ ಅಂದ ಮೇಲೆ ಹಿಲ್ಟನ್ ಸ್ಮಿತ್ ಬಗ್ಗೆ ಹೇಳದಿದ್ದರೆ ಅನ್ಯಾಯ. ಜನ ಪೇಜ್ ನೋಡಲು ಬರುತ್ತಾರೆ. ಪೇಜ್ ದಿನಾ ಒಂಬತ್ತು ಇನ್ನಿಂಗ್ಸ್ ಎಸೆದರೆ ಕೈ ಉಳಿಯುವುದಿಲ್ಲ. ಹಾಗಾಗಿ ಮೊದಲ ಮೂರು ಇನ್ನಿಂಗ್ಸ್ ಪೇಜ್, ಉಳಿದ ಆರು ಸ್ಮಿತ್. ಪೋಸ್ಟರ್ ಮೇಲೆ ಒಬ್ಬರ ಹೆಸರು, ಮೈದಾನದಲ್ಲಿ ದುಡಿತ ಇನ್ನೊಬ್ಬರದು. ಸ್ಮಿತ್ ಅವರ ಕರ್ವ್ ಬಾಲ್, ಅಂದರೆ ಗಾಳಿಯಲ್ಲಿ ತಿರುಗಿ ಬೀಳುವ ಎಸೆತ, ಆ ಲೀಗ್‌ಗೇ ಶ್ರೇಷ್ಠ ಅನ್ನುವವರಿದ್ದಾರೆ. ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2001ರಲ್ಲಿ. ಆಗ ಅವರು ಬದುಕಿರಲಿಲ್ಲ.

ಪೇಜ್‌ಗೆ ಲೆಕ್ಕ ಸಿಗಲಿಲ್ಲ ಅಂತ ಕೊರಗುತ್ತೇವೆ. ಸ್ಮಿತ್‌ಗೆ ಹೆಸರೂ ಸಿಗಲಿಲ್ಲ.

ಶರಾವತಿ
ಹೆಸರು ಸಿಗದವರ ಮಾತು ಬಂದಾಗ ಮೇಮಿ ಜಾನ್ಸನ್ ನೆನಪಾಗುತ್ತಾರೆ. ಅಡ್ಡಹೆಸರು ಪೀನಟ್, ಕಡಲೆಕಾಯಿ! 1953ರಿಂದ 55ರವರೆಗೆ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡದಲ್ಲಿ ಗಂಡಸರ ಎದುರು ಪಿಚ್ ಮಾಡಿದ ಹೆಣ್ಣುಮಗಳು. ಹೆಂಗಸರ ಲೀಗ್ ಒಂದು ಇತ್ತು. ಅಲ್ಲಿ ಪರೀಕ್ಷೆಗೆ ಹೋದರೆ ಕಪ್ಪು ಹುಡುಗಿ ಅಂತ ಸೇರಿಸಲಿಲ್ಲ. ಕರ್ವ್ ಬಾಲ್ ಎಸೆಯುವುದರಲ್ಲಿ ತನ್ನನ್ನು ತಿದ್ದಿದ್ದು ಸ್ಯಾಚೆಲ್ ಪೇಜ್ ಅಂತ ಅವರು ಹೇಳಿಕೊಂಡಿದ್ದಾರೆ.

ಮಲೆನಾಡ ಮಳೆ
ಕಡಲೆಕಾಯಿ ಅನ್ನುವ ಹೆಸರೇ ಇಷ್ಟವಾಯಿತು. ಸ್ಯಾಚೆಲ್ ಅಂದರೆ ಏನು?

ಕಾನ್ಸಾಸ್ ಕನ್ನಡತಿ
ಕೈಚೀಲ. ಪೇಜ್ ಅವರ ನಿಜವಾದ ಹೆಸರು ಲೆರಾಯ್ ರಾಬರ್ಟ್. ಚಿಕ್ಕಂದಿನಲ್ಲಿ ಮೊಬೀಲ್ ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಚೀಲ ಹೊರುತ್ತಿದ್ದರು. ಒಂದು ಕೋಲಿಗೆ ಹಗ್ಗ ಕಟ್ಟಿ ಒಟ್ಟಿಗೆ ಹಲವು ಚೀಲ ನೇತು ಹಾಕಿಕೊಂಡು ಹೊರುತ್ತಿದ್ದರಂತೆ. ಆ ಹೆಸರೇ ಉಳಿಯಿತು. ಹನ್ನೆರಡು ಮಕ್ಕಳ ಮನೆ. ಸಣ್ಣ ಕಳ್ಳತನಕ್ಕೆ ಸಿಕ್ಕಿಬಿದ್ದು 12ನೇ ವಯಸ್ಸಿಗೆ ಮೌಂಟ್ ಮೇಗ್ಸ್ ಅನ್ನುವ ಸುಧಾರಣಾ ಶಾಲೆಗೆ ಹಾಕಿದರು. ಐದು ವರ್ಷ ಅಲ್ಲೇ. ಪಿಚ್ ಮಾಡಲು ಸರಿಯಾಗಿ ಕಲಿತದ್ದೂ ಅಲ್ಲೇ. ಎಡಗಾಲು ಆಕಾಶಕ್ಕೆ ಎತ್ತಿ ಎಸೆಯುವ ಆ ಭಂಗಿ ಇದೆಯಲ್ಲ, ಅದನ್ನು ರೂಢಿ ಮಾಡಿಕೊಂಡಿದ್ದು ಆ ಶಾಲೆಯ ಮೈದಾನದಲ್ಲಿ.

ಗೂಗ್ಲಿ ಗುರು
ಅವರ ಎಸೆತಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನನಗೆ ಅತಿ ಇಷ್ಟವಾಗಿದ್ದು ನಡುವೆ ತಡೆದು ಎಸೆಯುವ ಚೆಂಡು. ಮುಂದಿನ ಕಾಲು ನೆಲಕ್ಕೆ ಊರುತ್ತಾರೆ, ಕೈ ಮಾತ್ರ ಒಂದು ಕ್ಷಣ ಹಿಂದೆಯೇ ನಿಲ್ಲುತ್ತದೆ. ಬ್ಯಾಟರ್ ಆಗಲೇ ಬ್ಯಾಟ್ ಬೀಸಲು ಶುರು ಮಾಡಿರುತ್ತಾನೆ. ಚೆಂಡು ಆಮೇಲೆ ಬರುತ್ತದೆ. ನಮ್ಮ ಅಶ್ವಿನ್ ಕ್ರೀಸ್ ಹತ್ತಿರ ಬಂದು ಒಮ್ಮೊಮ್ಮೆ ತಡೆದು ಹಾಕುತ್ತಿದ್ದರಲ್ಲ, ಆ ಥರ. 1948ರಲ್ಲಿ ಮೇಜರ್ ಲೀಗ್‌ಗೆ ಬಂದು ಅದನ್ನು ಎಸೆದ ಕೂಡಲೇ ಕ್ಲೀವ್‌ಲ್ಯಾಂಡ್ ಆಡುತ್ತಿದ್ದ ಅಮೆರಿಕನ್ ಲೀಗ್ ವಿಭಾಗದ ಅಧ್ಯಕ್ಷರು ಇದನ್ನು ಬಿಡುವುದಿಲ್ಲ ಅಂದುಬಿಟ್ಟರು.

ಇನ್ನು ಗುರಿ. ಬ್ಯಾಟರ್ ಮುಂದೆ ನೆಲದಲ್ಲಿರುವ ಹೋಮ್ ಪ್ಲೇಟ್ ಬದಲು ಚೂಯಿಂಗ್ ಗಮ್ ಸುತ್ತಿದ ಕಾಗದ ಇಟ್ಟು ಅದರ ಮೇಲೆ ಹಾದುಹೋಗುವ ಹಾಗೆ ಎಸೆದು ಕೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕೆಲವು ಸಲ ಬೆಂಕಿಪೊಟ್ಟಣ.

ಹಾಸನದ ಹುಡುಗ
ಬೆಂಕಿಪೊಟ್ಟಣನಾ! ಇದನ್ನು ಈಗಲೇ ಹುಡುಗನಿಗೆ ಹೇಳಬೇಕು. ಮೇಜರ್ ಲೀಗ್‌ಗೆ ಬಂದ ಮೊದಲ ವರ್ಷ ಹೇಗಿತ್ತು ಅಂತಲೂ ಹೇಳಿ, ಅವನು ಕೇಳುತ್ತಿದ್ದಾನೆ.

ಎಡಗೈ ಬೌಲರ್
6 ಗೆಲುವು, 1 ಸೋಲು. ಒಂಬತ್ತು ಇನ್ನಿಂಗ್‌ಗೆ 2.48 ರನ್. ಆ ವರ್ಷ ಕ್ಲೀವ್‌ಲ್ಯಾಂಡ್, ಬಾಸ್ಟನ್ ರೆಡ್ ಸಾಕ್ಸ್ ಎರಡೂ ಸಮ ಸಮ ಬಂದು ಒಂದು ಹೆಚ್ಚುವರಿ ಪಂದ್ಯ ಆಡಬೇಕಾಯಿತು. ಪೇಜ್ ಒಂದು ಗೆಲುವು ಕಮ್ಮಿ ತಂದಿದ್ದರೂ ಕ್ಲೀವ್‌ಲ್ಯಾಂಡ್‌ಗೆ ಆ ಪಂದ್ಯವೇ ಸಿಗುತ್ತಿರಲಿಲ್ಲ. ಮುದುಕನನ್ನು ತಂದು ಸರ್ಕಸ್ ಮಾಡುತ್ತಿದ್ದಾರೆ ಅಂತ ಒಂದು ದೊಡ್ಡ ಕ್ರೀಡಾ ಪತ್ರಿಕೆ ಬರೆದಿತ್ತು. ಪಂದ್ಯದ ಶುರುವಿನಿಂದಲೇ ಅವರು ಎಸೆದ ಮೊದಲ ಮೂರು ಪಂದ್ಯಕ್ಕೆ ಬಂದ ಜನ: 72,434, 51,013, 78,382. ಮೂರನೆಯದರಲ್ಲಿ ಬರೀ ಮೂರು ಹಿಟ್ ಕೊಟ್ಟು 1-0ರಿಂದ ಗೆದ್ದರು. ಕ್ಲೀವ್‌ಲ್ಯಾಂಡ್ ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್ ಫೈನಲ್ ಸರಣಿ, ಗೆದ್ದಿತು. ಅದರಲ್ಲಿ ಎಸೆದ ಮೊದಲ ಕಪ್ಪು ಪಿಚರ್ ಇವರೇ.

ಲೆಕ್ಕಾಚಾರ
ಈ ಅಂಕಿಗಳು ನನಗೆ ಇಷ್ಟ. 1965ರಲ್ಲಿ 59ನೇ ವಯಸ್ಸಿಗೆ ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್ ತಂಡಕ್ಕೆ ಆಡಿಸಿದ್ದು ಮಾತ್ರ ಪ್ರಚಾರಕ್ಕೆ. ಮೈದಾನದ ಪಕ್ಕ ತೂಗು ಕುರ್ಚಿ, ಪಕ್ಕದಲ್ಲಿ ನರ್ಸ್. ನನಗೆ ಅದು ಸರಿ ಕಾಣಲಿಲ್ಲ.

ಕಾನ್ಸಾಸ್ ಕನ್ನಡತಿ
ಕುರ್ಚಿ ಇಟ್ಟಿದ್ದು ಮಾಲೀಕರು, ಅದು ನನಗೂ ಹಿಡಿಸಲಿಲ್ಲ. ಆದರೆ ಬ್ಯಾಟ್ ಹಿಡಿದು ನಿಂತವರು ನಿಜವಾದ ರೆಡ್ ಸಾಕ್ಸ್ ಆಟಗಾರರು. ಮೂರು ಇನ್ನಿಂಗ್ಸ್ ಎಸೆದರು, ಒಂದೂ ರನ್ ಕೊಡಲಿಲ್ಲ. ಒಂದೇ ಹಿಟ್, ಅದೂ ಕಾರ್ಲ್ ಯಾಸ್ಟ್ರೆಮ್‌ಸ್ಕಿ ಹೊಡೆದದ್ದು. ಹೊರಗೆ ಬಂದಾಗ ಮೈದಾನದ ದೀಪ ಆರಿಸಿದರು. ಜನ ಬೆಂಕಿಕಡ್ಡಿ ಗೀರಿ ಹಿಡಿದರು.

ಅದಾದ ಮೂರು ವರ್ಷಕ್ಕೆ ನೋಡಿ, ಮೇಜರ್ ಲೀಗ್ ಪಿಂಚಣಿಗೆ ಅವರಿಗೆ 158 ದಿನ ಕಮ್ಮಿ ಬಿದ್ದಿತ್ತು. ಇಪ್ಪತ್ತು ವರ್ಷ ಹೊರಗೆ ನಿಲ್ಲಿಸಿದ್ದು ಅದೇ ಲೀಗ್, ದಿನ ಸಾಲದು ಅಂದಿದ್ದೂ ಅದೇ! ಕೊನೆಗೆ ಅಟ್ಲಾಂಟಾ ಬ್ರೇವ್ಸ್ ಕೆಲಸ ಕೊಟ್ಟು ದಿನ ತುಂಬಿಸಿತು. 1971ರಲ್ಲಿ ಹಾಲ್ ಆಫ್ ಫೇಮ್. ಅಲ್ಲೂ ಮೊದಲು ನೀಗ್ರೋ ಲೀಗ್‌ನವರಿಗೆ ಬೇರೆ ವಿಭಾಗ ಅಂದರು. ಜನ ರೇಗಿದ ಮೇಲೆ ಎಲ್ಲರ ಜೊತೆ ಸೇರಿಸಿದರು.

ನಿವೃತ್ತ ಮೇಷ್ಟ್ರು
ಗೌರವ ಕೊಡುವಾಗಲೂ ಬೇರೆ ಲೋಟ.

ಲೆಕ್ಕಾಚಾರ
ಮೇಷ್ಟ್ರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಒಂದು ವಿಷಯ ಸೇರಿಸುತ್ತೇನೆ. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಅಂತ 2020ರಲ್ಲಿ ಮೇಜರ್ ಲೀಗ್‌ನವರೇ ಒಪ್ಪಿಕೊಂಡಿದ್ದಾರೆ. 2024ರಲ್ಲಿ ಆ ಅಂಕಿಗಳನ್ನು ಅಧಿಕೃತ ಪಟ್ಟಿಗೆ ಸೇರಿಸಿದರು. ಹಳೇ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ಹಾಕಿ ಹುಡುಕಿದವರ ಕೆಲಸ ಅದು. ಈಗ ಬ್ಯಾಟಿಂಗ್ ಸರಾಸರಿಯಲ್ಲಿ ಜಾಶ್ ಗಿಬ್ಸನ್ .372ರೊಂದಿಗೆ ಎಲ್ಲರಿಗಿಂತ ಮೇಲೆ, ಅದುವರೆಗೆ ಪಟ್ಟಿಯ ತುದಿಯಲ್ಲಿದ್ದ ಟೈ ಕಾಬ್‌ಗಿಂತಲೂ. ಅಂದರೆ ಹುಡುಗ ಅವರೇ, ನಿಮ್ಮ 28-31 ಈಗ ಪೇಜ್ ಅವರ ಅಧಿಕೃತ ಲೆಕ್ಕವೇ ಅಲ್ಲ. ಹಳೇ ಪಟ್ಟಿ ನೋಡಿದ್ದೀರಿ. ನಾನೂ ಅದನ್ನೇ ಇಟ್ಟುಕೊಂಡು ಮೊದಲು ಮಾತಾಡಿದೆ, ಅದು ತಪ್ಪು.

ಎಡಗೈ ಬೌಲರ್
ಸಿಕ್ಕಿರುವುದು ಸುಮಾರು ಮುಕ್ಕಾಲು ಭಾಗ ಅಂತ ಅವರೇ ಹೇಳಿದ್ದಾರೆ. ಉಳಿದ ಪತ್ರಿಕೆಗಳು ಯಾರ ಅಟ್ಟದ ಮೇಲಿವೆಯೋ.

ಹಾಸನದ ಹುಡುಗ
ಎಲ್ಲರಿಗೂ ಧನ್ಯವಾದ. ಹುಡುಗನ ಹತ್ತಿರ ತಪ್ಪಾಯ್ತು ಕಣೋ ಅಂದೆ. ನಿಮ್ಮ ಮಾತೆಲ್ಲ ಓದಿ ಹೇಳಿದೆ. ಬಸ್ಸಿನ ಕಥೆ ಎರಡು ಸಲ ಹೇಳಿಸಿಕೊಂಡ. ಬಾಲೂ ಅವರ ಬಗ್ಗೆ ಕೇಳಿ, ಧಾರವಾಡ ಇಲ್ಲಿಂದ ಎಷ್ಟು ದೂರ ಅಂದ.

ಇವತ್ತು ಸಂಜೆ ಮನೆ ಹಿಂದಿನ ತೆಂಗಿನ ತೋಟದಲ್ಲಿ ಅಳತೆ ಪಟ್ಟಿ ಹಿಡಿದು 60 ಅಡಿ 6 ಅಂಗುಲ ಅಳೆದೆವು. ಪಿಚರ್‌ಗೂ ಹೋಮ್ ಪ್ಲೇಟ್‌ಗೂ ಅಷ್ಟೇ ದೂರವಂತೆ. ನಮ್ಮ 22 ಗಜಕ್ಕಿಂತ ಕಮ್ಮಿ. ಇಟ್ಟಿಗೆ ಮೇಲೆ ಬೆಂಕಿಪೊಟ್ಟಣ ಇಟ್ಟೆವು. ಅವನು ಎಡಗಾಲು ತಲೆ ಮಟ್ಟಕ್ಕೆ ಎತ್ತಲು ಹೋಗಿ ಎರಡು ಸಲ ಬಿದ್ದ. ಅಮ್ಮ ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದರು. ಕತ್ತಲಾಗುವವರೆಗೂ ಎಸೆದ.

ಲೆಕ್ಕಾಚಾರ
ಎಷ್ಟು ಸಲ ತಾಗಿತು? ಬರೆದಿಟ್ಟಿದ್ದೀರಾ?

ಹಾಸನದ ಹುಡುಗ
ಅವನೇ ನೋಟ್‌ಬುಕ್ಕಿನಲ್ಲಿ ಬರೆದಿದ್ದಾನೆ, ತಾರೀಖು ಸಮೇತ. 64 ಎಸೆತ, 3.